ಬೇವಿನ ಕಷಾಯ, ಬೆಳ್ಳಿ, ಅಡಿಕೆ ಕೊಳೆ

ಪ್ರಾಜೆಕ್ಟ್ ಏನು ಅಂತ ಊರಲ್ಲಿ ಯಾರಾದ್ರೂ ಕೇಳಿದರೆ "ಬೇವಿನ ಕಷಾಯದಲ್ಲಿ ಬೆಳ್ಳಿ ಮಾಡ್ತೀವಿ" ಅಂದುಬಿಡ್ತೀನಿ. ಪೂರ್ತಿ ಸುಳ್ಳೇನಲ್ಲ. ಬೇವಿನೆಲೆ ಕುದಿಸಿ ಸೋಸಿದ ನೀರನ್ನು 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿಟ್ಟರೆ ತಿಳಿಹಳದಿ ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತೆ, ಥೇಟ್ ಕಾಫಿ ಡಿಕಾಕ್ಷನ್! ಎಲೆಯ ಫ್ಲೇವನಾಯ್ಡ್‌ನಂಥ ರಾಸಾಯನಿಕಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹದ ನ್ಯಾನೋಕಣ ಮಾಡುತ್ತವೆ; ಕಣಗಳು ಒಂದಕ್ಕೊಂದು ಅಂಟದಂತೆ ಹೊದಿಕೆಯನ್ನೂ ಹೊದಿಸುತ್ತವೆ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 420 ನ್ಯಾನೋಮೀಟರ್ ಆಸುಪಾಸು ಗುಡ್ಡ ಎದ್ದರೆ ನಮಗೆ ಹಬ್ಬ.

ಕ್ಯಾಂಡಿಡಾ ಬೆಳೆಸಿದ ತಟ್ಟೆಯಲ್ಲಿ ಸಣ್ಣ ಬಾವಿ ಕೊರೆದು ಇದನ್ನು ಹಾಕಿದಾಗ ಸುತ್ತ ಖಾಲಿ ವೃತ್ತ ಬಂತು. ಫೋಟೋ ಮನೆಗೆ ಕಳಿಸಿದೆ. ಅಪ್ಪ ಕೇಳಿದ್ದು ಒಂದೇ: "ನಮ್ಮ ತೋಟದ ಕೊಳೆಗೆ ಆಗ್ತದಾ ಇದು?"

ನಮ್ಮದು ಮಲೆನಾಡಿನ ಅಡಿಕೆ ತೋಟ. ಮದ್ದು ಅಂದರೆ ಬೋರ್ಡೋ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಬಿಡುವು ಕೊಡಬೇಕು, ಕೊನೆಗಾರರೂ ಸಿಗಬೇಕು. ಆದರೆ ಕೊಳೆ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಕೋಶದ ಗೋಡೆಯೇ ಬೇರೆ ಥರ. ಕ್ಯಾಂಡಿಡಾ ಸತ್ತಿದ್ದು ನೋಡಿ ಅದರ ಬಗ್ಗೆ ಮಾತಾಡೋ ಹಾಗಿಲ್ಲ. ಬೆಳ್ಳಿಯ ಅಯಾನು ತಾನೇ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತೆ ಬೇರೆ. ಅದಕ್ಕೇ ಬರೀ ನೈಟ್ರೇಟ್, ಬರೀ ಕಷಾಯದ ಬಾವಿಗಳೂ ಪಕ್ಕದಲ್ಲಿರಬೇಕು. ಇನ್ನು "ಹಸಿರು" ಅನ್ನೋ ಹೆಸರು ತಯಾರಿಕೆಗೆ ಮಾತ್ರ. ಹಳ್ಳಕ್ಕೆ ಇಳಿದ ಬೆಳ್ಳಿ ಬೆಳ್ಳಿಯೇ.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. "ಸರಿ, ಈ ವರ್ಷಕ್ಕೆ ಮೈಲುತುತ್ತ ತಂದಾಯ್ತು" ಅಂದರು ಅಪ್ಪ. "ಕೊಳೆ ಬಿದ್ದ ಕಾಯಿ ಬೇಕಾದ್ರೆ ಹೇಳು, ಬಸ್ಸಿಗೆ ಹಾಕ್ತೇನೆ."