ಕಾಣದ ತಿರುಪುಗಳು

ಉಳಿ ಕೊಡತಿಗಳಲ್ಲಿ ಕೈ ಪಳಗಿದ ವೃದ್ಧ ಬಡಗಿಯೊಬ್ಬನು, ಮಗನು ಕೊಂಡು ತಂದ ರೌಟರ್ ಯಂತ್ರವನ್ನು ಮೇಜಿಗೆ ಜೋಡಿಸಲು ಕುಳಿತನು. ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುವ ಈ ಯಂತ್ರವನ್ನು ಅಲ್ಯೂಮಿನಿಯಂ ಫಲಕದ ಅಡಿಯಲ್ಲಿ ತಲೆಕೆಳಗಾಗಿ ಬಿಗಿದರೆ, ಯಂತ್ರವು ನಿಂತಲ್ಲೇ ನಿಲ್ಲುವುದು. ಮರವು ಅದರ ಬಳಿಗೆ ಬರುವುದು. ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುವ ಅಲಗಿನ ಸಮೀಪದಲ್ಲಿಯೇ ಕೈಬೆರಳುಗಳು ಸಂಚರಿಸುವುದರಿಂದ ಇಲ್ಲಿ ಅವಸರಕ್ಕೆ ಎಡೆಯಿಲ್ಲ.

ವಿದ್ಯುತ್ ಸಂಪರ್ಕವನ್ನು ಕಳಚಿದ ಮಗನು, ಯಂತ್ರದ ತಳದ ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಚ್ಚಿ, ಫಲಕದ ಮೇಲಿರಿಸಿ ರಂಧ್ರಗಳನ್ನು ಗುರುತಿಸತೊಡಗಿದನು. “ತಡೆಯಪ್ಪಾ, ಬಿಲ್ಲೆ ಮಗುಚಿದೆ” ಎಂದನು ತಂದೆ. ಮರದ ಮೇಲೆ ಜಾರುವ ಮುಖವು ಮೇಲಿರಬೇಕಿತ್ತು. ಹಾಗೆಯೇ ಕೊರೆದಿದ್ದರೆ ರಂಧ್ರಗಳು ಕನ್ನಡಿಯ ಬಿಂಬದಂತೆ ಎಡಬಲವಾಗಿ, ಫಲಕವೇ ವ್ಯರ್ಥವಾಗುತ್ತಿತ್ತು.

ಬಿಲ್ಲೆಯನ್ನು ತಿರುಗಿಸಿ, ನಡುವನ್ನು ಫಲಕದ ನಡುವಿಗೆ ಹೊಂದಿಸಿ, ಕೊರೆದು, ತಿರುಪುಗಳ ತಲೆ ಅಡಗುವಂತೆ ರಂಧ್ರಗಳ ಬಾಯಿಯನ್ನು ಅಗಲಿಸಿ ಯಂತ್ರವನ್ನು ಬಿಗಿದರು. ಬಳಿಕ ಫಲಕವನ್ನು ಮೇಜಿನ ಕುಳಿಯಲ್ಲಿ ಕೂಡಿಸಿ, ಮೂಲೆಯ ತಿರುಪುಗಳಿಂದ ಏರಿಸಿ ಇಳಿಸಿ ಮಟ್ಟ ಮಾಡಿದರು. ಅಂಚು ಕೂದಲೆಳೆಯಷ್ಟು ಎದ್ದರೂ ಮರವು ತಡೆದು ನಿಂತು ಕೈ ಜಾರುವ ಭಯವುಂಟು. ಮುದುಕನು ಕಣ್ಮುಚ್ಚಿ ಅಂಚಿನ ಮೇಲೆ ಬೆರಳಾಡಿಸಿದನು. ಬೆರಳಿಗೆ ಎಲ್ಲಿಯೂ ತಡೆ ಸಿಗಲಿಲ್ಲ.

ಮಗನು ಮೊದಲ ಹಲಗೆಯನ್ನು ಬಲದಿಂದ ಎಡಕ್ಕೆ, ಅಲಗಿನ ಸುತ್ತಿಗೆ ಎದುರಾಗಿ, ನಿಧಾನವಾಗಿ ನಡೆಸಿದನು. ಕೊರೆದ ಗೆರೆಯನ್ನು ನಾಳೆ ಎಲ್ಲರೂ ಮೆಚ್ಚುವರು. ಅಡಗಿದ ತಿರುಪುಗಳನ್ನು ಯಾರೂ ನೋಡರು. ಕಾಣದುದನ್ನೂ ನೇರವಾಗಿರಿಸುವ ಈ ನಿಷ್ಠೆಯೇ ಕಾಯಕದ ಶುಚಿ.