ಏರಿಯ ಆಚೆ ಒಂದು ಬೆಲೆ, ಈಚೆ ಒಂದು ಬೆಲೆ

ಮೈಸೂರಿನ ಕುವೆಂಪುನಗರದ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಾವು ಏಳು ಜನ ನಿವೃತ್ತರು. ಒಬ್ಬರ ಮಗ ಅಮೆರಿಕದಲ್ಲಿ, ಇನ್ನೊಬ್ಬರ ಮಗಳು ಕೆನಡಾದಲ್ಲಿ. ಮೊಬೈಲ್ ತೆಗೆದು ಫೋಟೊ ತೋರಿಸಿದರೆ ಮೊಮ್ಮಕ್ಕಳ ಹಿಂದೆ ಒಂದು ಕಾರು ಇದ್ದೇ ಇರುತ್ತದೆ. ನನ್ನ ಮಗಳು ಸಿಂಗಾಪುರ ಸೇರಿ ಒಂಬತ್ತು ವರ್ಷ. ಅವಳ ಯಾವ ಫೋಟೊದಲ್ಲೂ ಕಾರಿಲ್ಲ. "ಗಂಡ ಹೆಂಡತಿ ಇಬ್ಬರೂ ದುಡೀತಾರೆ ಅಂತೀರಿ, ಒಂದು ಕಾರು ತಗೊಂಡಿಲ್ವೇ?" ಎಂದು ಗೆಳೆಯರೊಬ್ಬರು ಕೇಳಿದ್ದು ಮುಳ್ಳಿನ ಹಾಗೆ ಮನಸ್ಸಿನಲ್ಲೇ ಉಳಿಯಿತು. "ಈ ಸಲ ಹೋದಾಗ ನಾನೇ ಕೊಡಿಸಿ ಬರ್ತೀನಿ" ಎಂದುಬಿಟ್ಟೆ. ಹನ್ನೆರಡು ಲಕ್ಷದ ಒಂದು ಎಫ್.ಡಿ. ಆಗತಾನೆ ಅವಧಿ ಮುಗಿದು ಕೈಗೆ ಬಂದಿತ್ತು. ಮಂಡಿನೋವಿನ ನನ್ನಾಕೆ ಅಲ್ಲಿ ಬಸ್ಸು, ರೈಲು ಎಂದು ಓಡಾಡುವುದೂ ತಪ್ಪುತ್ತದೆ ಎಂಬುದು ನನ್ನ ಲೆಕ್ಕ.

2024ರ ಜೂನ್‌ನಲ್ಲಿ, ಅಲ್ಲಿಯ ಶಾಲೆಗಳಿಗೆ ರಜೆ ಇದ್ದಾಗ, ಹೋದೆವು. ಮೊದಲ ರಾತ್ರಿಯೇ ಊಟವಾದ ಮೇಲೆ ವಿಷಯ ತೆಗೆದೆ. ಅಳಿಯಂದಿರು ನಗಲಿಲ್ಲ, ಅದು ಅವರ ದೊಡ್ಡಗುಣ. ಆರನೇ ಕ್ಲಾಸಿನ ಮೊಮ್ಮಗ ಮಾತ್ರ "ತಾತ, ನಿಮ್ಮ ದುಡ್ಡಿಗೆ ಕಾರು ಬರುತ್ತೆ, ಸಿ.ಓ.ಇ. ಬರಲ್ಲ" ಎಂದ.

ಹಾಗೆಂದರೇನೋ ಎಂದು ಕೇಳಿ, ಕಾಗದ ಪೆನ್ನು ತೆಗೆದುಕೊಂಡು ಕೂತೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂಡಿ ಕಳೆದವನಿಗೆ ಬಾಯಿಲೆಕ್ಕ ಸಾಲದು.

ಸಿಂಗಾಪುರದಲ್ಲಿ ಕಾರು ಕೊಂಡರಷ್ಟೇ ಆಗುವುದಿಲ್ಲ ಮಕ್ಕಳೇ, ಕಾರು ಇಟ್ಟುಕೊಳ್ಳುವ ಹಕ್ಕನ್ನೂ ಬೇರೆಯಾಗಿ ಕೊಳ್ಳಬೇಕು. ಆ ಹಕ್ಕುಪತ್ರಕ್ಕೇ ಸಿ.ಓ.ಇ. ಎನ್ನುತ್ತಾರೆ. 1990ರಲ್ಲಿ ಬಂದ ಪದ್ಧತಿ. ಸರ್ಕಾರ ಇಂತಿಷ್ಟೇ ಪತ್ರ ಎಂದು ಎಣಿಸಿ, ತಿಂಗಳಿಗೆ ಎರಡು ಸಲ ಹರಾಜು ಹಾಕುತ್ತದೆ. ಆಯುಸ್ಸು ಹತ್ತೇ ವರ್ಷ. ಆಮೇಲೆ ಮತ್ತೆ ದುಡ್ಡು ಕಟ್ಟಿ ಮುಂದುವರಿಸಬೇಕು, ಇಲ್ಲವೇ ಚೆನ್ನಾಗಿ ಓಡುವ ಗಾಡಿಯನ್ನೂ ಗುಜರಿಗೆ ಹಾಕಬೇಕು ಅಥವಾ ಬೇರೆ ದೇಶಕ್ಕೆ ಕಳಿಸಬೇಕು. 2023ರ ಅಕ್ಟೋಬರ್‌ನಲ್ಲಿ ದೊಡ್ಡ ಕಾರಿನ ಪತ್ರ ಒಂದೂವರೆ ಲಕ್ಷ ಡಾಲರ್ ಮುಟ್ಟಿತ್ತು. ನಾವು ಹೋದಾಗ ಚಿಕ್ಕ ಕಾರಿನದು 90 ಸಾವಿರದ ಆಸುಪಾಸಿನಲ್ಲಿತ್ತು. ಅವರ ಒಂದು ಡಾಲರ್‌ಗೆ ಆಗ ನಮ್ಮ 62 ರೂಪಾಯಿ.

ನನ್ನ ಕಾಗದದಲ್ಲಿ ಲೆಕ್ಕ ಹೀಗೆ ಬಂತು. ಬಂದರಿಗೆ ಇಳಿದಾಗ ಕಾರಿನ ಬೆಲೆ 20 ಸಾವಿರ ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 20 ಸುಂಕ, 4 ಸಾವಿರ. ಎರಡೂ ಸೇರಿದ್ದರ ಮೇಲೆ ಶೇ. 9 ಜಿ.ಎಸ್.ಟಿ., 2,160. ನೋಂದಣಿ ಶುಲ್ಕ 350. ಅದಲ್ಲದೆ 'ಹೆಚ್ಚುವರಿ ನೋಂದಣಿ ಶುಲ್ಕ' ಎಂದು ಇನ್ನೊಂದು ಇದೆ, ಅದು ಕಾರಿನ ಬೆಲೆಯಷ್ಟೇ, ಮತ್ತೆ 20 ಸಾವಿರ. ಇದರ ಮೇಲೆ ಪತ್ರದ 90 ಸಾವಿರ. ಒಟ್ಟು 1,36,510 ಡಾಲರ್. ನಮ್ಮ ಹಣದಲ್ಲಿ ಸುಮಾರು 84 ಲಕ್ಷದ 64 ಸಾವಿರ. ಅಂಗಡಿಯವನ ಲಾಭ ಇನ್ನೂ ಸೇರಿಸಿಲ್ಲ. ಕಾರಿನ ಸ್ವಂತ ಬೆಲೆ 12 ಲಕ್ಷ ಚಿಲ್ಲರೆ. ಹುಡುಗ ಹೇಳಿದ್ದು ಸರಿಯಾಗಿತ್ತು. ಎರಡು ಸಲ ಕೂಡಿ ನೋಡಿದೆ, ಬದಲಾಗಲಿಲ್ಲ.

ಮಗಳ ಮನೆ ಇರುವುದು ದ್ವೀಪದ ಉತ್ತರ ತುದಿಯ ವುಡ್‌ಲ್ಯಾಂಡ್ಸ್‌ನಲ್ಲಿ. ಸಂಜೆ ನೀರಿನ ಅಂಚಿನ ಪಾರ್ಕಿಗೆ ಹೋದರೆ ಎದುರಿಗೇ ಮಲೇಷ್ಯಾದ ಜೋಹೋರ್ ಬಾರು ಪಟ್ಟಣದ ಕಟ್ಟಡಗಳು ಕಾಣುತ್ತವೆ. ನಡುವೆ ಒಂದು ಜಲಸಂಧಿ. ಅದರ ಮೇಲೆ ನಮ್ಮ ಕೆರೆ ಏರಿಯ ಹಾಗೆ ಕಲ್ಲುಮಣ್ಣು ತುಂಬಿ ಕಟ್ಟಿದ, ಸುಮಾರು ಒಂದು ಕಿಲೋಮೀಟರ್ ಉದ್ದದ ದಾರಿ. ಕಾಸ್‌ವೇ ಎನ್ನುತ್ತಾರೆ. 1924ರಲ್ಲಿ ಮುಗಿದದ್ದು, ನಾವು ಹೋದಾಗ ಅದಕ್ಕೆ ಭರ್ತಿ ನೂರು ತುಂಬಿತ್ತು. 1942ರಲ್ಲಿ ಜಪಾನೀಯರು ಬರುತ್ತಾರೆಂದು ಬ್ರಿಟಿಷರು ಇದರ ಒಂದು ಭಾಗವನ್ನು ತಾವೇ ಸಿಡಿಸಿದ್ದರು.

ಆ ಪಾರ್ಕಿನಲ್ಲಿ ಪರಿಚಯವಾದ ನನ್ನ ವಯಸ್ಸಿನವರೊಬ್ಬರು ಎದುರು ದಡ ತೋರಿಸಿ, "ಅಲ್ಲಿ ನಿಮ್ಮ ದುಡ್ಡಿಗೆ ಹೊಸ ಕಾರು ಬಂದು ಮಿಗುತ್ತೆ. ಯಾರಾದರೂ ಜೋಹೋರ್ ಸ್ನೇಹಿತರ ಹೆಸರಿಗೆ ಬರೆಸಿ, ಈ ಕಡೆ ಓಡಿಸಿಕೊಂಡರಾಯಿತು" ಎಂದರು. ರಾತ್ರಿಯೆಲ್ಲ ಅದೇ ತಲೆಯಲ್ಲಿ. ನೋಡಿಯಾದರೂ ಬರೋಣವೆಂದು ಶುಕ್ರವಾರ ಎಲ್ಲರೂ 950ನೇ ನಂಬರ್ ಬಸ್ ಹತ್ತಿದೆವು.

ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ ವೀಸಾ ಕೇಳುತ್ತಿಲ್ಲ. ಆದರೂ ಇಳಿಯುವುದು, ಹತ್ತುವುದು ತಪ್ಪದು. ಸಿಂಗಾಪುರದ ಠಾಣೆಯಲ್ಲಿ ಇಳಿದು ತಪಾಸಣೆ ಮುಗಿಸಿ ಮತ್ತೆ ಬಸ್ಸು. ಏರಿ ದಾಟಿದ ಮೇಲೆ ಮಲೇಷ್ಯಾದಲ್ಲಿ ಮತ್ತೆ ಇಳಿಯುವುದು. ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಹೀಗೆ ದಾಟುತ್ತಾರಂತೆ. ನನ್ನಾಕೆ ಮಂಡಿ ಹಿಡಿದುಕೊಂಡು "ಕಾರು ನೋಡೋಕೆ ಇಷ್ಟು ನಡೀಬೇಕಾ?" ಎಂದಳು. ಮೊಮ್ಮಗನಿಗೆ ಮಾತ್ರ ಹಬ್ಬ. ಸಿಂಗಾಪುರದ ಕಾರುಗಳ ನಂಬರು 'ಎಸ್'ನಿಂದ, ಜೋಹೋರ್‌ನದು 'ಜೆ'ಯಿಂದ ಶುರುವಾಗುತ್ತವೆ. ನಾನು ಜೆ ಎಣಿಸಬೇಕು, ಅವನು ಎಸ್. ಬೈಕುಗಳನ್ನೂ ಎಣಿಸುವುದಾದರೆ ಜೆ ಸೋಲುವುದೇ ಇಲ್ಲ ಎಂದು ಅವನು ತಕರಾರು ತೆಗೆದ. ಜೋಹೋರ್‌ನಿಂದ ಸಿಂಗಾಪುರಕ್ಕೆ ಕೆಲಸಕ್ಕೆ ಬರುವವರ ಬೈಕುಗಳು ಜೇನುಹುಳದ ಹಾಗೆ.

ಷೋರೂಮಿನಲ್ಲಿ ಸಿಕ್ಕಿದ ಹುಡುಗ ತಮಿಳಿನವನು. ನನ್ನ ಅರೆಬರೆ ತಮಿಳು ಅಲ್ಲಿ ಉಪಯೋಗಕ್ಕೆ ಬಂತು. ಪೆರೊಡುವಾ ಎಂಬ ಅವರದೇ ದೇಶದ ಕಂಪನಿಯ 'ಮೈವಿ' ಎಂಬ ಕಾರು, ಸುಮಾರು 47 ಸಾವಿರ ರಿಂಗಿಟ್‌ನಿಂದ ಶುರು. ಒಂದು ರಿಂಗಿಟ್‌ಗೆ ಹದಿನೇಳೂ ಮುಕ್ಕಾಲು ರೂಪಾಯಿಯಂತೆ 8 ಲಕ್ಷದ 30 ಸಾವಿರ ಚಿಲ್ಲರೆ. ಈ ಕಂಪನಿ ಹುಟ್ಟಿದ್ದು 1993ರಲ್ಲಿ. ಮೊದಲ ಕಾರಿನ ಹೆಸರು 'ಕಂಚಿಲ್', ಅಂದರೆ ಮೊಲದಷ್ಟೇ ಗಾತ್ರದ, ಜಿಂಕೆಯಂಥ ಒಂದು ಪುಟ್ಟ ಕಾಡುಪ್ರಾಣಿ. ನಮ್ಮ ಮಾರುತಿ 800ಕ್ಕೆ ಜಪಾನಿನ ಸುಜುಕಿ ಬೆನ್ನಿಗಿದ್ದ ಹಾಗೆ ಅದಕ್ಕೆ ಡೈಹಾಟ್ಸು. ಆದರೆ ಮಲೇಷ್ಯಾದಲ್ಲಿ ಎಲ್ಲ ಕಾರೂ ಅಗ್ಗವಲ್ಲ, ಹೊರಗಿನ ಕಂಪನಿಯ ಕಾರಿಗೆ ಅಲ್ಲೂ ತೆರಿಗೆ ಬಲವಾಗಿದೆ. ಟೊಯೊಟಾ ಕೊರೊಲಾ ಬೆಲೆ ಕೇಳಿದೆ. ಒಂದು ಲಕ್ಷದ ನಲವತ್ತು ಸಾವಿರದ ಮೇಲೆ. ಸಿಂಗಾಪುರದಲ್ಲೂ ಅದಕ್ಕೆ ಹೆಚ್ಚುಕಡಿಮೆ ಅಂಥದೇ ಅಂಕಿ ಎಂದು ಅಳಿಯಂದಿರು ಹೇಳಿದ್ದರು. ಆದರೆ ಇಲ್ಲಿ ರಿಂಗಿಟ್, ಅಲ್ಲಿ ಡಾಲರ್, ಮೂರೂವರೆ ಪಟ್ಟು!

ಹುಡುಗ ನಕ್ಕ. "ಸಿಂಗಾಪುರದವರು ಬರ್ತಾರೆ ಸಾರ್, ಬೆಲೆ ನೋಡ್ತಾರೆ, ನಿಟ್ಟುಸಿರು ಬಿಡ್ತಾರೆ, ತರಕಾರಿ ತಗೊಂಡು ಹೋಗ್ತಾರೆ." ಅವನದೂ ಮೈವಿ ಕಾರೇ, ಒಂಬತ್ತು ವರ್ಷದ ಸಾಲದಲ್ಲಿ. ಇನ್ನೂ ಆರು ವರ್ಷದ ಕಂತು ಬಾಕಿ. ನನಗೆ ಅಗ್ಗವಾಗಿ ಕಂಡದ್ದು ಅವನಿಗೆ ಅಗ್ಗವಾಗಿರಲಿಲ್ಲ.

ಕಾಫಿ ಕುಡಿಯುವಾಗ ಪಾರ್ಕಿನವರ ಸಲಹೆಯನ್ನು ಮಗಳ ಮುಂದಿಟ್ಟೆ. ಅವಳು ತಣ್ಣಗೆ ಹೇಳಿದಳು: "ಅಪ್ಪ, ನಾವು ಅಲ್ಲಿನ ಕಾಯಂ ನಿವಾಸಿಗಳು. ಸಿಂಗಾಪುರದಲ್ಲಿ ವಾಸ ಇರೋರು ಹೊರದೇಶದ ನಂಬರಿನ ಗಾಡಿ ಅಲ್ಲಿ ಓಡಿಸೋ ಹಾಗಿಲ್ಲ. ಈ ಕಡೆಯವರು ತಮ್ಮ ಗಾಡಿ ತರಬಹುದು, ಕೆಲಸದ ದಿನ ಹಗಲಿಗೆ 35 ಡಾಲರ್ ಕಟ್ಟಿ."

"ನನ್ನ ಹೆಸರಿಗೆ ಬರೆಸಿದರೆ?"

"ನೀವು ಮುಂದಿನ ವಾರ ಮೈಸೂರಿಗೆ ಹೊರಟುಬಿಡ್ತೀರಿ. ಓಡಿಸೋರು ಯಾರು?" ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಟ್ರ್ಯಾಕ್ಟರ್ ಕಥೆ ನೀವೇ ಹೇಳ್ತಿದ್ದಿರಲ್ಲಪ್ಪ" ಎಂದಳು.

ಆ ಕಥೆ ಅವಳಿಗೆ ನೆನಪಿರುತ್ತದೆಂದು ನಾನು ಎಣಿಸಿರಲಿಲ್ಲ. 1987ರ ಸುಮಾರಿಗೆ ತಾಲ್ಲೂಕಿನ ಶಾಖೆಯೊಂದರಲ್ಲಿ ಸಾಲದ ಲೆಡ್ಜರ್ ನನ್ನದು. ಊರಿನ ದೊಡ್ಡವರೊಬ್ಬರು ತಮ್ಮ ತೋಟದ ಆಳಿನ ಹೆಸರಿನಲ್ಲಿ ಟ್ರ್ಯಾಕ್ಟರ್ ಸಾಲ ತೆಗೆದಿದ್ದರು. ಗಾಡಿ ಯಾರದೆಂದು ನನಗೆ ಗೊತ್ತಿತ್ತು. ಕಾಗದ ಸರಿಯಿದೆ, ಗುಮಾಸ್ತನಿಗೇಕೆ ಎಂದು ಬರೆದು ಮುಗಿಸಿದೆ. ಕಂತು ನಿಂತಾಗ ನೋಟಿಸು ಹೋದದ್ದು ಆ ಆಳಿಗೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೌಂಟರ್ ಮುಂದೆ ನಿಂತು, "ಸ್ವಾಮಿ, ನಾನು ಅದರ ಮೇಲೆ ಒಂದಿನ ಕೂತೂ ಇಲ್ಲ" ಎಂದ. ನಾನು ತಲೆಯೆತ್ತಲಿಲ್ಲ. ಜೋಹೋರ್‌ನಲ್ಲಿ ಕೂತು ಆ ಕೈಗಳು ನೆನಪಾದವು. ಕಾಫಿ ಆರಿಹೋಯಿತು, ಕಾರಿನ ಮಾತು ಅಲ್ಲಿಗೇ ನಿಂತಿತು.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್. ಹಳದಿ ಬಣ್ಣದ ಪಂಪಿನಲ್ಲಿ ಸರ್ಕಾರದ ರಿಯಾಯಿತಿಯ ಪೆಟ್ರೋಲು, ಆಗ ಲೀಟರಿಗೆ 2.05 ರಿಂಗಿಟ್, ನಮ್ಮ 36 ರೂಪಾಯಿ. ಸಿಂಗಾಪುರದಲ್ಲಿ ಲೀಟರಿಗೆ 170 ರೂಪಾಯಿಗೂ ಮೇಲೆ! ವಿದೇಶಿ ನಂಬರಿನ ಗಾಡಿಗೆ ಹಳದಿ ಪಂಪು 2010ರಿಂದ ನಿಷೇಧ. ಅವರು ಹೆಚ್ಚಿನ ಬೆಲೆಯದನ್ನೇ ಹಾಕಿಸಬೇಕು. ಅದೂ ಸಿಂಗಾಪುರಕ್ಕಿಂತ ಅಗ್ಗವೇ. ಅದಕ್ಕೇ ಸಿಂಗಾಪುರದ ಸರ್ಕಾರ 1989ರಲ್ಲಿ, ದೇಶ ಬಿಡುವ ತನ್ನ ಕಾರುಗಳ ಟ್ಯಾಂಕು ಅರ್ಧವಾದರೂ ತುಂಬಿರಬೇಕೆಂದು ಕಾನೂನು ಮಾಡಿತು. ಆಮೇಲೆ ಅದು ಮುಕ್ಕಾಲು ಆಯಿತು. ಠಾಣೆಯಲ್ಲಿ ಮುಳ್ಳು ನೋಡುತ್ತಾರೆ, ಕಡಿಮೆಯಿದ್ದರೆ 500 ಡಾಲರ್‌ವರೆಗೂ ದಂಡ ಹಾಕಬಹುದು. ನಗಬೇಡಿ. ಬೆಂಗಳೂರಿನ ರಸ್ತೆಗಳಲ್ಲಿ ಪುದುಚೇರಿ ನಂಬರಿನ ದುಬಾರಿ ಕಾರುಗಳೇಕೆ ಓಡುತ್ತವೆ ಎಂದು ಕೇಳಿ ನೋಡಿ. ಅಲ್ಲಿ ತೆರಿಗೆ ಕಡಿಮೆ.

ಇಷ್ಟೆಲ್ಲ ಬಿಗಿ ಏಕೆ ಎಂದು ವಾಪಸ್ ಬರುವಾಗ ಅಳಿಯಂದಿರನ್ನು ಕೇಳಿದೆ. "ಜಾಗ ಎಲ್ಲಿದೆ ಮಾವ?" ಎಂದರು. ಇಡೀ ದೇಶ ಹೆಚ್ಚುಕಡಿಮೆ ಆಗಿನ ಬೆಂಗಳೂರು ಪಾಲಿಕೆಯಷ್ಟು ವಿಸ್ತೀರ್ಣ. ಅದರಲ್ಲಿ ಶೇ. 12 ಜಾಗ ಆಗಲೇ ರಸ್ತೆಗೆ ಹೋಗಿದೆ. 2018ರಿಂದ ಕಾರುಗಳ ಸಂಖ್ಯೆ ಒಂದೂ ಹೆಚ್ಚಬಾರದು ಎಂದೇ ನಿಯಮ. ಒಂದು ಹೊರಗೆ ಹೋದರೆ ಇನ್ನೊಂದು ಒಳಗೆ. ಎಲ್ಲ ಬಗೆಯ ವಾಹನ ಸೇರಿ ಸುಮಾರು ಹತ್ತು ಲಕ್ಷ. ಬೆಂಗಳೂರಿನಲ್ಲಿ ಒಂದು ಕೋಟಿ ದಾಟಿವೆ. ಕಾರಿಲ್ಲದವರಿಗೆ ಇದು ಸರಿ, ಮಂಡಿನೋವಿನವರಿಗೆ ಏನು ಹೇಳುತ್ತಾರೆ ಎಂದು ನಾನು ಗೊಣಗಿದೆ. ಅಷ್ಟರಲ್ಲಿ ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗಿ ಎದ್ದು ನನ್ನಾಕೆಗೆ ಸೀಟು ಬಿಟ್ಟಳು. ಅಲ್ಲಿಯ ಬಸ್ಸುಗಳಿಗೆ ಮೆಟ್ಟಿಲಿಲ್ಲ, ನೆಲಮಟ್ಟದಲ್ಲೇ ಹತ್ತಬಹುದು. ಮಂಡಿ ತೊಂದರೆ ಕೊಟ್ಟದ್ದು ಠಾಣೆಗಳಲ್ಲೇ ಹೊರತು ಬಸ್ಸಿನಲ್ಲಲ್ಲ ಎಂದು ಅವಳೇ ಒಪ್ಪಿಕೊಂಡಳು.

ನಂಬರ್ ಆಟದಲ್ಲಿ ಜೆ 83, ಎಸ್ 61. ಬೈಕು ಬಿಟ್ಟು ಎಣಿಸಿದರೆ ತಾನೇ ಗೆದ್ದೆ ಎಂದು ಮೊಮ್ಮಗ ಈಗಲೂ ಫೋನಿನಲ್ಲಿ ಜಗಳ ಕಾಯುತ್ತಾನೆ.

ಎಫ್.ಡಿ.ಯಲ್ಲಿ ಒಂದಿಷ್ಟು ತೆಗೆದು ಆಗಸ್ಟ್‌ನಲ್ಲಿ ನನ್ನಾಕೆಗೆ ಮೈಸೂರಿನಲ್ಲೇ ಮಂಡಿ ಆಪರೇಷನ್ ಮಾಡಿಸಿದೆ. ಉಳಿದದ್ದನ್ನು ಮತ್ತೆ ಒಂದು ವರ್ಷಕ್ಕೆ ಇಟ್ಟಿದ್ದೇನೆ. ಪಾರ್ಕಿನ ಬೆಂಚಿನಲ್ಲಿ ಗೆಳೆಯರು "ಎಲ್ಲಿ, ಕಾರಿನ ಫೋಟೊ?" ಎಂದಾಗ ಮೊಬೈಲ್ ತೆಗೆದು ಕೊಟ್ಟೆ. ಮಗಳು, ಅಳಿಯ, ಮೊಮ್ಮಗ, ನನ್ನಾಕೆ ನಿಂತಿದ್ದಾರೆ. ಹಿಂದೆ ಎರಡಂತಸ್ತಿನ ಬಸ್ಸು, ನಂಬರ್ 950.

"ಇಷ್ಟು ದೊಡ್ಡದಾ?" ಎಂದರು ಅವರು.