ಸವೆದ ಅಳತೆಗೋಲು



ಕಳೆದ ಬೇಸಿಗೆಯ ಒಂದು ರಾತ್ರಿ, ಕೆಂಚನಗುಡ್ಡದ ಮನೆಯ ಮಾಳಿಗೆಯ ಮೇಲೆ ನಕ್ಷತ್ರಗಳನ್ನು ನೋಡುತ್ತ ಮಲಗಿದ್ದಾಗ ಮೊಮ್ಮಗ ಕೇಳಿದ: "ತಾತ, ದೂರದರ್ಶಕದ ದೊಡ್ಡ ಕನ್ನಡಿ ಸರಿಯಾಗಿದೆಯೆಂದು ಹೇಗೆ ತಿಳಿಯುತ್ತದೆ?"

ಕಾವಲೂರಿನ ವೈನು ಬಪ್ಪು ದೂರದರ್ಶಕದ ವಿಷಯ ಹೇಳಿದೆ. 1986ರಲ್ಲಿ ಉದ್ಘಾಟನೆಯಾದ ಅದರ 2.34 ಮೀಟರ್ ವ್ಯಾಸದ ಕನ್ನಡಿಯನ್ನು ಉಜ್ಜಿ ಹೊಳಪುಗೊಳಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಇಂಥ ಕನ್ನಡಿಯ ಮೈಯಲ್ಲಿ ಕೂದಲೆಳೆಯ ದಪ್ಪದ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಉಬ್ಬುತಗ್ಗಿದ್ದರೂ ಬಿಂಬ ಕೆಡುತ್ತದೆ. ಅದನ್ನು ಯಾವ ಸ್ಕೇಲೂ ಅಳೆಯಲಾರದು, ಬೆಳಕೇ ಅಳೆಯಬೇಕು. ಫ್ರಾನ್ಸಿನ ಫೂಕೋ 1858ರ ಸುಮಾರಿಗೆ ಒಂದು ಸರಳ ಉಪಾಯ ಕಂಡುಕೊಂಡ. ಕನ್ನಡಿಯ ವಕ್ರತಾ ಕೇಂದ್ರದ ಬಳಿ ಬೆಳಕಿನ ಬಿಂದುವನ್ನಿಟ್ಟು, ಮರಳಿ ಬಂದು ಕೂಡುವ ಕಿರಣಗಳಿಗೆ ಚೂರಿಯ ಅಂಚನ್ನು ಅಡ್ಡ ತರುವುದು. ಗೋಳಾಕಾರವು ನಿರ್ದುಷ್ಟವಾಗಿದ್ದರೆ ಕನ್ನಡಿಯೆಲ್ಲ ಸಮನಾಗಿ ಮಬ್ಬಾಗುತ್ತದೆ. ಇಲ್ಲವಾದರೆ ದೋಷಗಳು ನೆರಳಾಗಿ ಎದ್ದು ಕಾಣುತ್ತವೆ. ಗೋಳಾಕಾರವಲ್ಲದ ಕನ್ನಡಿಗಳಿಗೆ ನಡುವೆ ಬೇರೊಂದು ಸರಿಪಡಿಸುವ ಉಪಕರಣ ಬೇಕು.

ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿ ಎಡವಿದ್ದು ಅಲ್ಲಿಯೇ. ಆ ಉಪಕರಣದ ಒಂದು ಮಸೂರ 1.3 ಮಿಲಿಮೀಟರ್ ಸ್ಥಾನ ತಪ್ಪಿತ್ತು. ಮಸೂರದ ಸ್ಥಾನ ನಿಶ್ಚಯಿಸುವ ಅಳತೆಗೋಲಿನ ಟೋಪಿಯಲ್ಲಿ ಬಣ್ಣ ಸವೆದ ಜಾಗದಿಂದ ಬೆಳಕು ಪ್ರತಿಫಲಿಸಿದ್ದೇ ಕಾರಣ. ಕನ್ನಡಿ ಅತ್ಯಂತ ನಯವಾಗಿ, ಆದರೆ ತಪ್ಪು ಆಕಾರಕ್ಕೆ ಸಿದ್ಧವಾಯಿತು. ಬೇರೆ ಎರಡು ಪರೀಕ್ಷೆಗಳು ದೋಷವನ್ನು ತೋರಿಸಿದ್ದವು. ಅವು ಅಷ್ಟು ಸೂಕ್ಷ್ಮವಲ್ಲವೆಂದು ಬದಿಗೊತ್ತಿದರು. 1990ರಲ್ಲಿ ಹಾರಿದ ದೂರದರ್ಶಕ ಸ್ಪಷ್ಟ ದೃಷ್ಟಿ ಪಡೆದದ್ದು 1993ರ ಡಿಸೆಂಬರಿನ ದುರಸ್ತಿಯ ನಂತರ.

ಇದನ್ನು ಹೇಳುತ್ತಿದ್ದಂತೆ ನನ್ನ ಮಾತು ನಿಂತಿತು. ಮೂವತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ನಿಮ್ನ ದರ್ಪಣದ ಪ್ರಯೋಗ ಮಾಡಿಸಿದ್ದೆ. ಕಿಟಕಿಯಾಚೆಯ ಮರದ ಬಿಂಬವನ್ನು ಕಾಗದದ ಮೇಲೆ ಮೂಡಿಸಿ, ಸಂಗಮ ದೂರವನ್ನು ಎಲ್ಲರೂ 20.4 ಸೆಂಟಿಮೀಟರ್ ಎಂದು ಬರೆದರು. ಬಡಗಿಯ ಮಗನೊಬ್ಬ ತಂದೆಯ ಅಳತೆಪಟ್ಟಿ ತಂದಿದ್ದ; 20 ಎಂದು ಬರೆದ. ಎಲ್ಲರ ಮುಂದೆ ಗದರಿ ಅವನ ಅಂಕ ಕಳೆದೆ. ಅವನು ಒಂದೂ ಮಾತಾಡದೆ ಪುಸ್ತಕ ಮುಚ್ಚಿದ.

ಮರುವರ್ಷ ಪ್ರಯೋಗಾಲಯ ಒಪ್ಪಮಾಡುವಾಗ ನೋಡಿದೆ: ನಮ್ಮ ಮರದ ಸ್ಕೇಲಿನ ಸೊನ್ನೆಯ ತುದಿ ನಾಲ್ಕು ಮಿಲಿಮೀಟರ್ ಸವೆದಿತ್ತು. ಶೂನ್ಯ ದೋಷವನ್ನು ಮೊದಲು ನೋಡಿಕೊಳ್ಳಿರೆಂದು ಪಾಠ ಹೇಳಿದವನು ನಾನೇ! ಆ ವೇಳೆಗೆ ಹುಡುಗ ಶಾಲೆ ಬಿಟ್ಟು ಹೋಗಿದ್ದ. ಹುಡುಕಿ ಹೋಗಿ ಹೇಳಬಹುದಿತ್ತು, ಸಂಕೋಚದಿಂದ ಹೇಳಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಅವನ ನೆನಪಿದ್ದರೆ, ಅವನಿಗೆ ತಿಳಿಸಿರಿ: ಅವನ ಉತ್ತರ ಸರಿಯಾಗಿತ್ತು. ತಪ್ಪಿದ್ದುದು ಮೇಷ್ಟರ ಅಳತೆಗೋಲು.